ರಾಜಕೀಯದ ಬೇಸರ ಮತ್ತು ಅಮೃತಶಿಲೆಯ ಆಸೆ

ಇಲ್ಲಿರುವವರಲ್ಲಿ ಕೆಲವರಿಗಾದರೂ ಪರಿಚಿತವಾಗಿರಬಹುದಾದ ಒಂದು ಅಭ್ಯಾಸದಿಂದ ಮಾತು ಆರಂಭಿಸುತ್ತೇನೆ. ರಾತ್ರೋರಾತ್ರಿ ಪಕ್ಷ ಬದಲಿಸಿದವರ ಸಮರ್ಥನೆಗಳು, ನಿನ್ನೆ ಆಡಿದ ಮಾತನ್ನು ಆಡಿಯೇ ಇಲ್ಲವೆನ್ನುವ ನಾಯಕರ ಹೇಳಿಕೆಗಳು, ಯಾವ ಪ್ರಶ್ನೆಗೂ ಉತ್ತರವಾಗದ ಚರ್ಚೆಗಳು, ಇವನ್ನೆಲ್ಲ ಓದಿ ಮನಸ್ಸು ರೋಸಿಹೋದ ದಿನಗಳಲ್ಲಿ ನಾನು ಪತ್ರಿಕೆಯನ್ನು ಮಡಿಸಿಟ್ಟು, ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಚಿತ್ರಸಂಪುಟವೊಂದನ್ನು ತೆರೆದು ಕೂರುತ್ತೇನೆ. ಅಥೆನ್ಸಿನ ಪಾರ್ಥೆನಾನ್ ದೇಗುಲದ ಗೋಡೆಯ ಮೇಲಂಚಿನಲ್ಲಿ ಕೆತ್ತಿದ ಕುದುರೆ ಸವಾರರು ಒಬ್ಬರ ಹಿಂದೊಬ್ಬರು ಸಾಗುತ್ತಿರುತ್ತಾರೆ. ಅವರ ಮುಖದಲ್ಲಿ ಆತುರವಿಲ್ಲ, ಸಿಟ್ಟಿಲ್ಲ, ಮತ ಕೇಳುವವರ ನಗೆಯೂ ಇಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬರುತ್ತದೆ. ಇದನ್ನು ಒಮ್ಮೆ ಕಂಡ ಗೆಳೆಯರೊಬ್ಬರು, "ನಿಮ್ಮದು ಕಲಾಭಿರುಚಿಯೋ, ತಲೆಮರೆಸಿಕೊಳ್ಳುವ ಉಪಾಯವೋ?" ಎಂದು ಕೇಳಿದರು. ಆಗ ನಕ್ಕು ಸುಮ್ಮನಾಗಿದ್ದೆ. ಅಂದು ಕೊಡದೆ ಉಳಿಸಿಕೊಂಡ ಉತ್ತರವೇ ಈ ಉಪನ್ಯಾಸ. ಅದರ ತಿರುಳನ್ನು ಮೊದಲೇ ಹೇಳಿಬಿಡುವುದಾದರೆ, ರಾಜಕೀಯದಿಂದ ತಲೆಮರೆಸಿಕೊಳ್ಳಲೆಂದು ಪ್ರಾಚೀನ ಕಲೆಯ ಬಳಿಗೆ ಹೋದವರಿಗೆ ಅಲ್ಲಿ ಅಡಗಲು ಜಾಗವೇ ಸಿಗುವುದಿಲ್ಲ; ಹಾಗೆ ಜಾಗ ಸಿಕ್ಕಿತೆಂದು ಯಾರಿಗಾದರೂ ಅನಿಸಿದರೆ ಅವರು ಶಿಲ್ಪವನ್ನು ಇನ್ನೂ ಸರಿಯಾಗಿ ನೋಡಿಲ್ಲ.

ಶಿಲ್ಪವನ್ನು ನೆಮ್ಮದಿಯ ತಾಣವೆಂದು ನೋಡುವ ಕಣ್ಣು ನಮಗೆ ಬಂದದ್ದು ಬಹುಮಟ್ಟಿಗೆ ಒಬ್ಬ ಜರ್ಮನ್ ವಿದ್ವಾಂಸನಿಂದ. ಯೋಹಾನ್ ವಿಂಕೆಲ್‌ಮನ್ ಹುಟ್ಟಿದ್ದು 1717ರಲ್ಲಿ, ಒಬ್ಬ ಬಡ ಚಮ್ಮಾರನ ಮಗನಾಗಿ. ಗ್ರೀಕ್ ಕಲೆಯ ಲಕ್ಷಣವೆಂದರೆ ಉದಾತ್ತವಾದ ಸರಳತೆ ಮತ್ತು ಪ್ರಶಾಂತವಾದ ಘನತೆ ಎಂದು ಆತ 1755ರಲ್ಲಿ ಬರೆದ. ಆ ಕಲೆ ಅಷ್ಟು ಎತ್ತರಕ್ಕೆ ಏರಿದ್ದಕ್ಕೆ ಗ್ರೀಕರ ರಾಜಕೀಯ ಸ್ವಾತಂತ್ರ್ಯವೇ ದೊಡ್ಡ ಕಾರಣವೆಂದೂ ವಾದಿಸಿದ. ಸಣ್ಣಪುಟ್ಟ ದೊರೆಗಳ ಆಶ್ರಯದಲ್ಲಿ, ಅವರಿವರ ಗ್ರಂಥಾಲಯಗಳಲ್ಲಿ ಕೆಲಸ ಮಾಡಿ ಹೊಟ್ಟೆ ಹೊರೆಯಬೇಕಾಗಿದ್ದ ಮನುಷ್ಯನಿಗೆ ಸ್ವತಂತ್ರರ ನಾಡೊಂದು ಎಲ್ಲಿಯಾದರೂ ಇದ್ದಿರಬೇಕೆನಿಸಿದ್ದು ಸಹಜವೇ. ಆದರೆ ಆತ ಗ್ರೀಸ್ ದೇಶಕ್ಕೆ ಒಮ್ಮೆಯೂ ಹೋಗಲಿಲ್ಲ. 1768ರಲ್ಲಿ ತ್ರಿಯೆಸ್ತೆ ಪಟ್ಟಣದಲ್ಲಿ ಕೊಲೆಯಾಗುವವರೆಗೆ ಆತ ಕಂಡು ಮೆಚ್ಚಿದ್ದರಲ್ಲಿ ಹೆಚ್ಚಿನವು ರೋಮನ್ನರ ಕಾಲದ ನಕಲುಗಳು. ಆತನ ಸಿದ್ಧಾಂತವೂ ಕಾಲದೊಂದಿಗೆ ಪೂರ್ತಿ ಹೊಂದುವುದಿಲ್ಲ. ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದಲ್ಲಿ ಸಿಕ್ಕಿರುವ, ತುಟಿಯಂಚಿನಲ್ಲಿ ಮುಗುಳ್ನಗೆಯಿರುವ ಕನ್ಯೆಯರ ಪ್ರತಿಮೆಗಳಲ್ಲಿ ಎಷ್ಟೋ ಆ ನಗರ ಪೈಸಿಸ್ಟ್ರಾಟಸ್ ಮತ್ತು ಅವನ ಮಕ್ಕಳ ಸರ್ವಾಧಿಕಾರದಲ್ಲಿದ್ದಾಗ ಕೆತ್ತಿದವು. ಬಿಳುಪೂ ಅಷ್ಟೇ. ಇಂದು ನಮಗೆ ಶಾಂತಿಯ ಬಣ್ಣವಾಗಿ ತೋರುವ ಆ ಬಿಳಿ ಕಲ್ಲಿಗೆ ಒಂದು ಕಾಲದಲ್ಲಿ ಕೆಂಪು, ನೀಲಿ, ಹಳದಿ ಬಣ್ಣ ಬಳಿದಿದ್ದರು. ಮಳೆಬಿಸಿಲಿಗೆ ತೊಳೆದುಹೋದದ್ದನ್ನು ನಾವು ಕಲಾವಿದನ ಸಂಯಮವೆಂದು ತಿಳಿದೆವು.

ಪಾರ್ಥೆನಾನ್ ಕಟ್ಟಿದ್ದು ಕ್ರಿ.ಪೂ. 447ರಿಂದ 432ರವರೆಗೆ. ಅದಕ್ಕೆ ಹಣ ಬಂದ ದಾರಿ ಇಂದಿನ ಯಾವ ಹಗರಣದ ವರದಿಗೂ ಕಡಿಮೆಯಿಲ್ಲ. ಪರ್ಷಿಯನ್ನರ ದಾಳಿಯಿಂದ ಒಟ್ಟಾಗಿ ರಕ್ಷಿಸಿಕೊಳ್ಳಲೆಂದು ಗ್ರೀಕ್ ನಗರಗಳು ಕ್ರಿ.ಪೂ. 478ರ ಚಳಿಗಾಲದಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಹಡಗು ಕೊಡಲಾಗದವರು ವಂತಿಗೆ ಕೊಡಬೇಕು, ಹಣ ಡೆಲೊಸ್ ದ್ವೀಪದ ಬೊಕ್ಕಸದಲ್ಲಿರಬೇಕು ಎಂಬ ಏರ್ಪಾಟಿತ್ತು. ಬರಬರುತ್ತ ವಂತಿಗೆ ಕಪ್ಪವಾಯಿತು. ಒಕ್ಕೂಟ ಬಿಟ್ಟುಹೋಗುತ್ತೇವೆಂದ ನಾಕ್ಸೊಸ್, ಥಾಸೊಸ್ ದ್ವೀಪಗಳನ್ನು ಅಥೆನ್ಸ್ ಮುತ್ತಿಗೆ ಹಾಕಿ ಮಣಿಸಿತು. ಕ್ರಿ.ಪೂ. 454ರ ಹೊತ್ತಿಗೆ ಬೊಕ್ಕಸವೇ ಅಥೆನ್ಸಿಗೆ ಸ್ಥಳಾಂತರವಾಯಿತು. ಅಂದಿನಿಂದ ಬಂದ ಕಪ್ಪದಲ್ಲಿ ಅರವತ್ತರಲ್ಲಿ ಒಂದು ಪಾಲನ್ನು ಅಥೀನಾ ದೇವಿಗೆ ತೆಗೆದಿಟ್ಟು, ಯಾವ ಊರಿನಿಂದ ಎಷ್ಟೆಂದು ಆಳಿಗಿಂತಲೂ ಎತ್ತರದ ಕಲ್ಲಿನ ಮೇಲೆ ಕೊರೆಸಿದರು. ದೇಗುಲದ ನಿರ್ಮಾಣಕ್ಕೂ ಒಕ್ಕೂಟದ ಹಣದ ಒಂದು ಭಾಗ ಹರಿಯಿತು. ಆಗಲೇ ವಿರೋಧ ಪಕ್ಷದವರು ಸುಮ್ಮನಿರಲಿಲ್ಲ. ಯುದ್ಧಕ್ಕೆಂದು ಕೊಟ್ಟ ಹಣದಲ್ಲಿ ನಾವು ನಮ್ಮ ನಗರಕ್ಕೆ ಬೆಡಗಿನ ಹೆಣ್ಣಿಗೆ ಮಾಡುವಂತೆ ಒಡವೆ ತೊಡಿಸುತ್ತಿದ್ದೇವೆ ಎಂದು ಅವರು ಸಭೆಯಲ್ಲಿ ಕೂಗಾಡಿದ್ದನ್ನು ಜೀವನಚರಿತ್ರೆಕಾರ ಪ್ಲುಟಾರ್ಕ್ ದಾಖಲಿಸಿದ್ದಾನೆ. ಆಗ ಅಥೆನ್ಸಿನ ನಾಯಕನಾಗಿದ್ದ ಪೆರಿಕ್ಲಿಸ್ ಕೊಟ್ಟನೆನ್ನಲಾದ ಉತ್ತರವಂತೂ ಅಧಿಕಾರದಲ್ಲಿರುವ ಯಾರ ಬಾಯಲ್ಲಾದರೂ ಇವತ್ತೂ ಒಪ್ಪುತ್ತದೆ: ನಾವು ರಕ್ಷಣೆ ಕೊಡುವವರೆಗೆ ಹಣದ ಲೆಕ್ಕ ಕೇಳುವ ಹಕ್ಕು ಒಕ್ಕೂಟದ ನಗರಗಳಿಗಿಲ್ಲ. ಅಥೀನಾ ಪ್ರತಿಮೆಯ ಚಿನ್ನ ಕದ್ದನೆಂದು ಶಿಲ್ಪಿ ಫೀಡಿಯಸ್ ಮೇಲೆ ಆರೋಪ ಬಂದಾಗ, ಬಿಚ್ಚಿ ತೂಗಲು ಬರುವಂತೆ ಮೊದಲೇ ಜೋಡಿಸಿದ್ದ ಚಿನ್ನದ ತಗಡುಗಳು ಅವನ ನೆರವಿಗೆ ಬಂದವಂತೆ. ದೇವಿಯ ಮೈಮೇಲಿನ ಚಿನ್ನವನ್ನೂ ಲೆಕ್ಕಪರಿಶೋಧನೆಗೆ ಅನುಕೂಲವಾಗುವಂತೆ ಕೂರಿಸಿದ ಸಮಾಜ ಅದು. ಅದನ್ನು ನಂಬಿಕೆಯ ಯುಗವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಈ ವಿಷಯಕ್ಕೆ ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಮಾತ್ರ ಬೇರೊಂದು ಶಿಲ್ಪ; ಅದರ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ನೇಪಲ್ಸ್ ನಗರದ ಪುರಾತತ್ವ ಸಂಗ್ರಹಾಲಯದಲ್ಲಿ ಇಬ್ಬರು ಬೆತ್ತಲೆ ಪುರುಷರ ಅಮೃತಶಿಲೆಯ ಪ್ರತಿಮೆಗಳಿವೆ. ಒಬ್ಬ ಗಡ್ಡವಿಲ್ಲದ ಯುವಕ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಕತ್ತಿ ಬೀಸುವ ಭಂಗಿಯಲ್ಲಿದ್ದಾನೆ. ಇನ್ನೊಬ್ಬ ವಯಸ್ಸಿನಲ್ಲಿ ಹಿರಿಯ, ಎಡಗೈಯನ್ನು ಮುಂದೆ ಚಾಚಿದ್ದಾನೆ, ಅದರ ಮೇಲೆ ಮೇಲುಹೊದಿಕೆ ಇಳಿಬಿದ್ದಿದೆ. ಹರ್ಮೋಡಿಯಸ್ ಮತ್ತು ಅರಿಸ್ಟೊಗೈಟನ್ ಎಂಬ ಈ ಇಬ್ಬರು ಕ್ರಿ.ಪೂ. 514ರಲ್ಲಿ ಪೈಸಿಸ್ಟ್ರಾಟಸನ ಮಗ ಹಿಪ್ಪಾರ್ಕಸನನ್ನು ಕೊಂದವರು. ಪ್ರಜಾಪ್ರಭುತ್ವ ಸ್ಥಾಪನೆಯಾದ ಮೇಲೆ ಅಥೆನ್ಸ್ ಇವರ ಕಂಚಿನ ಪ್ರತಿಮೆಗಳನ್ನು ಚೌಕದಲ್ಲಿ ನಿಲ್ಲಿಸಿತು. ಇವರ ವಂಶದವರಿಗೆ ಸರ್ಕಾರಿ ಖರ್ಚಿನಲ್ಲಿ ಊಟದ ಹಕ್ಕು ಕೊಟ್ಟಿತು. ಕ್ರಿ.ಪೂ. 480ರಲ್ಲಿ ಪರ್ಷಿಯನ್ ದೊರೆ ಜೆರ್ಕ್ಸಿಸ್ ನಗರವನ್ನು ಸುಟ್ಟಾಗ ಆ ಜೋಡಿ ಪ್ರತಿಮೆಯನ್ನು ಹೊತ್ತೊಯ್ದ. ಮೂರು ವರ್ಷ ಕಳೆಯುವುದರೊಳಗೆ, ಇನ್ನೂ ಪಾಳುಬಿದ್ದಿದ್ದ ಊರಿನಲ್ಲಿ, ಕ್ರಿಟಿಯಸ್ ಮತ್ತು ನೆಸಿಯೋಟಿಸ್ ಎಂಬ ಶಿಲ್ಪಿಗಳಿಂದ ಜನ ಹೊಸ ಜೋಡಿಯನ್ನು ಎರಕ ಹೊಯ್ಯಿಸಿದರು. ನೇಪಲ್ಸಿನಲ್ಲಿರುವುದು ಆ ಎರಡನೆಯ ಜೋಡಿಯ ರೋಮನ್ ನಕಲು. ಶಿಲ್ಪದಲ್ಲಿ ಹಿಪ್ಪಾರ್ಕಸ್ ಇಲ್ಲ. ಕೊಲೆಗಾರರಿಬ್ಬರೂ ನುಗ್ಗಿ ಬರುತ್ತಿರುವ ದಿಕ್ಕಿನಲ್ಲಿ ನಿಂತಿರುವವರು ನೋಡುಗರಾದ ನಾವು.

ಇಂಥ ಶಿಲ್ಪದ ಮುಂದೆ ನಿಂತರೆ, ನಮ್ಮ ಕಾಲದಲ್ಲೂ ಇಂಥವರು ಇದ್ದಿದ್ದರೆ ಎಂಬ ಅಪಾಯಕಾರಿ ನಿಟ್ಟುಸಿರು ಹೊರಡುವುದು ಸುಲಭ. ಆ ನಿಟ್ಟುಸಿರನ್ನು ಅರ್ಧಕ್ಕೇ ತಡೆದವನು ಅದೇ ಊರಿನ ಇತಿಹಾಸಕಾರ ಥುಸಿಡಿಡಿಸ್. ಕ್ರಿ.ಪೂ. 424ರಲ್ಲಿ ಸೇನಾನಿಯಾಗಿ ಆಂಫಿಪೊಲಿಸ್ ಪಟ್ಟಣವನ್ನು ಕೈಬಿಟ್ಟ ತಪ್ಪಿಗೆ ಇಪ್ಪತ್ತು ವರ್ಷ ದೇಶದ ಹೊರಗೆ ಕಳೆದ ಈ ಮನುಷ್ಯನಿಗೆ ರಾಜಕೀಯದ ಭ್ರಮನಿರಸನ ಎಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಅಥೆನ್ಸಿನ ಜನರಿಗೆ ತಮ್ಮದೇ ಊರಿನ ಕತೆ ಗೊತ್ತಿಲ್ಲ ಎಂದು ಆತ ನೇರವಾಗಿ ಬರೆದ. ಸತ್ತ ಹಿಪ್ಪಾರ್ಕಸ್ ಆಳುವವನೇ ಆಗಿರಲಿಲ್ಲ. ಆಳುತ್ತಿದ್ದವನು ಅವನ ಅಣ್ಣ ಹಿಪ್ಪಿಯಸ್. ಕೊಲೆಗೆ ಕಾರಣ ಸ್ವಾತಂತ್ರ್ಯದ ಹಂಬಲವಾಗಿರದೆ ಒಂದು ಪ್ರೇಮದ ಜಗಳವಾಗಿತ್ತು. ಹಿಪ್ಪಾರ್ಕಸ್ ಹರ್ಮೋಡಿಯಸನನ್ನು ಬಯಸಿ ತಿರಸ್ಕೃತನಾದ. ಆ ಸಿಟ್ಟಿಗೆ ಅವನ ತಂಗಿಯನ್ನು ಮೆರವಣಿಗೆಯೊಂದಕ್ಕೆ ಕರೆಸಿ, ಯೋಗ್ಯಳಲ್ಲವೆಂದು ವಾಪಸು ಕಳಿಸಿ ಅವಮಾನಿಸಿದ. ಹಬ್ಬದ ದಿನ ಹಿಪ್ಪಿಯಸನನ್ನೇ ಕೊಲ್ಲಲು ಹೊರಟವರು, ತಮ್ಮ ಗುಂಪಿನವನೊಬ್ಬ ಅವನೊಡನೆ ಸಲಿಗೆಯಿಂದ ಮಾತನಾಡುತ್ತಿದ್ದುದನ್ನು ಕಂಡು ಗುಟ್ಟು ರಟ್ಟಾಯಿತೆಂದು ಹೆದರಿ, ಕೈಗೆ ಸಿಕ್ಕ ತಮ್ಮನನ್ನು ಮುಗಿಸಿದರು. ಹಿಪ್ಪಿಯಸ್ ಆಮೇಲೂ ನಾಲ್ಕು ವರ್ಷ, ಮೊದಲಿಗಿಂತ ಕ್ರೂರವಾಗಿ ಆಳಿದ. ಕಡೆಗೆ ಅವನನ್ನು ಓಡಿಸಿದ್ದು ಸ್ಪಾರ್ಟಾದ ಸೈನ್ಯ. ಅಂದರೆ ಪ್ರಜಾಪ್ರಭುತ್ವದ ಆದ್ಯ ಸ್ಮಾರಕದ ಬುಡದಲ್ಲೇ ಒಂದು ಹುಸಿಯಿತ್ತು. ಆ ಹುಸಿಯನ್ನು ಬಯಲು ಮಾಡಿದ ಬರಹವೂ ಅದೇ ನಗರದವನಿಂದ ಬಂತು. ಪ್ರತಿಮೆಯನ್ನಂತೂ ಯಾರೂ ಕೆಡವಲಿಲ್ಲ. ಅದರ ಪಕ್ಕ ಬೇರೆ ಯಾರ ಪ್ರತಿಮೆಯನ್ನೂ ಇಡಬಾರದೆಂಬ ನಿಯಮವಿತ್ತು, ಕ್ರಿ.ಪೂ. 307ರಲ್ಲಿ ಅಂಟಿಗೊನಸ್ ಮತ್ತು ಡಿಮಿಟ್ರಿಯಸ್ ಎಂಬ ದೊರೆಗಳನ್ನು ಮೆಚ್ಚಿಸಲು ಅದೂ ಸಡಿಲವಾಯಿತು. ಸೀಸರನನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್ ಅಥೆನ್ಸಿಗೆ ಬಂದಾಗ ಅವರಿಗೂ ಅಲ್ಲಿಯೇ ಜಾಗ ಸಿಕ್ಕಿತು. ಇಷ್ಟೆಲ್ಲ ತಿಳಿದ ಮೇಲೆ ನನಗೆ ಆ ಶಿಲ್ಪದ ಮೇಲಿನ ಅಭಿಮಾನ ಕಡಿಮೆಯಾಗಿಲ್ಲ. ಮೊದಲು ಅಲ್ಲಿ ಇಬ್ಬರು ವೀರರು ಕಾಣುತ್ತಿದ್ದರು, ಈಗ ಅವರೊಡನೆ ಅವರನ್ನು ವೀರರನ್ನಾಗಿ ಮಾಡಿಕೊಳ್ಳಬೇಕಾಗಿ ಬಂದ ಒಂದು ಊರೂ ಕಾಣುತ್ತದೆ.

ಅದೇ ಥುಸಿಡಿಡಿಸ್ ಕ್ರಿ.ಪೂ. 427ರ ಕೊರ್ಕಿರಾ ದ್ವೀಪದ ಅಂತರ್ಯುದ್ಧವನ್ನು ಬಣ್ಣಿಸುವಾಗ ಮಾತುಗಳ ಅರ್ಥವೇ ಬದಲಾದುದನ್ನು ಗಮನಿಸುತ್ತಾನೆ: ವಿವೇಚನೆಯಿಲ್ಲದ ದುಡುಕಿಗೆ ಪಕ್ಷನಿಷ್ಠೆಯ ಧೈರ್ಯವೆಂದು ಹೆಸರಾಯಿತು, ಮುಂದಾಲೋಚನೆಗೆ ಹೇಡಿತನವೆಂದು. ಇದನ್ನು ಓದಿದವರೆಲ್ಲ ನಮ್ಮ ಕಾಲವನ್ನೇ ನೋಡಿ ಬರೆದಂತಿದೆ ಎನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಪ್ರಚಾರದ ತಂತ್ರದ ವಿಷಯಕ್ಕೆ ಬಂದರೆ ಮಡಕೆ ಚೂರುಗಳ ಸಾಕ್ಷಿ ಇನ್ನೂ ಮೊನಚು. ಅಪಾಯಕಾರಿಯೆನಿಸಿದ ರಾಜಕಾರಣಿಯನ್ನು ಹತ್ತು ವರ್ಷ ಗಡೀಪಾರು ಮಾಡಲು ಅಥೆನ್ಸಿನ ಪ್ರಜೆಗಳು ಬೋಕಿಯ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. 1937ರಲ್ಲಿ ಆಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಹಳೆಯ ಬಾವಿಯೊಂದರಲ್ಲಿ ಇಂಥ ಸುಮಾರು 190 ಬೋಕಿಗಳು ಒಟ್ಟಿಗೆ ಸಿಕ್ಕವು. ಎಲ್ಲದರ ಮೇಲೂ ಒಂದೇ ಹೆಸರು, ಪರ್ಷಿಯನ್ನರ ವಿರುದ್ಧ ಸಲಾಮಿಸ್ ಯುದ್ಧ ಗೆದ್ದುಕೊಟ್ಟ ಥೆಮಿಸ್ಟೊಕ್ಲಿಸನದು. ಕೈಬರಹ ಮಾತ್ರ ಹದಿನಾಲ್ಕೇ ಜನರದು. ಬರೆದಿಟ್ಟು ಹಂಚಲು ತಂದದ್ದು, ಹಂಚಿ ಮುಗಿಯದೆ ಬಾವಿ ಸೇರಿತೆಂದು ಕಾಣುತ್ತದೆ. ಸಂಘಟಿತ ಪ್ರಚಾರ ನಮ್ಮ ಯುಗದ ರೋಗವೆಂದು ಯಾರಾದರೂ ಮರುಗಿದಾಗಲೆಲ್ಲ ನನಗೆ ಆ ಬಾವಿ ನೆನಪಾಗುತ್ತದೆ.

ರೋಮನ್ನರ ಬಗ್ಗೆ ಹೇಳುವಾಗ ನನ್ನ ದನಿ ಸ್ವಲ್ಪ ಕಠಿಣವಾಗುತ್ತದೆ, ಕ್ಷಮಿಸಬೇಕು. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಎಪ್ಪತ್ತೈದು ವರ್ಷ ಬದುಕಿದ. ಪ್ರತಿಮೆಗಳಲ್ಲಿ ಮಾತ್ರ ಕೊನೆಯವರೆಗೂ ಯುವಕನಾಗಿಯೇ ಉಳಿದ. ಗೋಡೆಗೆ ಅಂಟಿಸಿದ ಭಿತ್ತಿಪತ್ರಗಳಲ್ಲಿ ವಯಸ್ಸಾಗದ ನಾಯಕರನ್ನು ಕಂಡು ನಗುವ ನಾವು, ಅದೇ ಕೆಲಸವನ್ನು ಅಮೃತಶಿಲೆಯಲ್ಲಿ ಮಾಡಿದಾಗ ಶಾಸ್ತ್ರೀಯತೆ ಎನ್ನುತ್ತೇವೆ. ಆದರೆ ರೋಮನ್ ಕಲ್ಲಿಗೆ ಒಂದು ಗುಣವಿದೆ, ಅದು ಸುಳ್ಳು ಹೇಳಿದರೂ ಗುರುತು ಉಳಿಸುತ್ತದೆ. ರೋಮಿನ ಸಾರ್ವಜನಿಕ ಚೌಕದಲ್ಲಿ ಸೆಪ್ಟಿಮಿಯಸ್ ಸೆವೆರಸ್‌ನ ವಿಜಯಕಮಾನು ನಿಂತಿದೆ. ಕ್ರಿ.ಶ. 203ರಲ್ಲಿ ಕಟ್ಟಿದ ಅದರ ನೆತ್ತಿಯ ಶಾಸನದಲ್ಲಿ ಚಕ್ರವರ್ತಿಯ ಹೆಸರಿನ ಜೊತೆ ಅವನ ಇಬ್ಬರು ಮಕ್ಕಳಾದ ಕ್ಯಾರಕಲ್ಲಾ ಮತ್ತು ಗೇಟಾ ಅವರ ಹೆಸರುಗಳೂ ಇದ್ದವು. ತಂದೆ ಸತ್ತ ವರ್ಷವೇ, 211ರ ಕೊನೆಯಲ್ಲಿ, ಕ್ಯಾರಕಲ್ಲಾ ತಮ್ಮನನ್ನು ತಾಯಿಯ ಮಡಿಲಲ್ಲೇ ಕೊಲ್ಲಿಸಿದ. ಸಾಮ್ರಾಜ್ಯದ ಉದ್ದಗಲಕ್ಕೂ ಗೇಟಾನ ಹೆಸರು, ಮುಖಗಳನ್ನು ಅಳಿಸಲು ಆಜ್ಞೆಯಾಯಿತು. ಕಮಾನಿನ ನಾಲ್ಕನೆಯ ಸಾಲಿನಲ್ಲಿ ಅವನ ಹೆಸರನ್ನು ಕೆರೆದು, ಆ ಜಾಗ ತುಂಬಿಸಲು "ಅತ್ಯುತ್ತಮರೂ ಮಹಾಶೂರರೂ ಆದ ಪ್ರಭುಗಳಿಗೆ" ಎಂಬರ್ಥದ ಪೊಳ್ಳು ಹೊಗಳಿಕೆ ಕೊರೆದರು. ಅಕ್ಷರಗಳ ಒಳಗೆ ಕೂರಿಸಿದ್ದ ಕಂಚು ಎಂದೋ ಕಳವಾಗಿದೆ. ಆದರೆ ಹಳೆಯ ಕಂಚಿನ ಅಕ್ಷರಗಳನ್ನು ಬಿಗಿದಿದ್ದ ಮೊಳೆಗಳ ತೂತುಗಳು ಹೊಸ ಅಕ್ಷರಗಳ ನಡುವೆ ಅಡ್ಡಾದಿಡ್ಡಿಯಾಗಿ ಉಳಿದಿವೆ. ಆ ತೂತುಗಳನ್ನೇ ಹಿಡಿದು ವಿದ್ವಾಂಸರು ಗೇಟಾನ ಹೆಸರನ್ನು ಮತ್ತೆ ಓದಿದರು. ಬರ್ಲಿನ್ನಿನಲ್ಲಿ ಇದೇ ಕುಟುಂಬದ, ಮರದ ಹಲಗೆಯ ಮೇಲೆ ಬರೆದ ಒಂದು ತಟ್ಟೆಯಷ್ಟೇ ಅಗಲದ ದುಂಡು ಚಿತ್ರವಿದೆ. ಅದರಲ್ಲಿ ತಂದೆ, ತಾಯಿ, ಒಬ್ಬ ಹುಡುಗ ಇದ್ದಾರೆ. ಇನ್ನೊಬ್ಬ ಹುಡುಗನ ಕತ್ತಿನ ಮೇಲೆ ಮುಖವಿರಬೇಕಾದಲ್ಲಿ ಕೆರೆದ ಬೂದು ಕಲೆಯಿದೆ. ಪ್ರಾಚೀನ ಜಗತ್ತಿನ ಕಲೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ರಾಜಕೀಯ ಚಿತ್ರವನ್ನು ನಾನು ಕಂಡಿಲ್ಲ.

ಡೊಮಿಷಿಯನ್ ಚಕ್ರವರ್ತಿಯ ಹದಿನೈದು ವರ್ಷಗಳನ್ನು ಬಾಯಿ ಮುಚ್ಚಿಕೊಂಡು ಕಳೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್, ಅವನು ಸತ್ತ ಮೇಲೆ ಲೇಖನಿ ಹಿಡಿದು ಒಂದು ತಪ್ಪೊಪ್ಪಿಗೆ ಬರೆದ: ಸುಮ್ಮನಿರುವುದು ಹೇಗೆ ನಮ್ಮ ಕೈಯಲ್ಲಿತ್ತೋ ಹಾಗೆ ಮರೆಯುವುದೂ ಇದ್ದಿದ್ದರೆ, ದನಿಯ ಜೊತೆಗೆ ನೆನಪನ್ನೂ ಕಳೆದುಕೊಂಡಿರುತ್ತಿದ್ದೆವು. ಈ ಮಾತನ್ನು ಬರೆದವನು ಆ ಆಳ್ವಿಕೆಯಲ್ಲೇ ಹುದ್ದೆಯ ಮೇಲೆ ಹುದ್ದೆ ಏರಿದವನು, ಅದನ್ನವನು ಬಚ್ಚಿಡಲೂ ಇಲ್ಲ. ರಾಜಕೀಯದಿಂದ ಬೇಸತ್ತ ನಮ್ಮಂಥವರು ನಮ್ಮನ್ನು ಸದಾ ಹೊರಗಿನ ಪ್ರೇಕ್ಷಕರೆಂದುಕೊಳ್ಳುತ್ತೇವೆ. ಟ್ಯಾಸಿಟಸ್ ಆ ಸೌಲಭ್ಯವನ್ನು ತನಗೆ ಕೊಟ್ಟುಕೊಳ್ಳಲಿಲ್ಲ.

ಇಷ್ಟು ಹೇಳಿ ಇನ್ನೊಂದು ಬಗೆಯ ಅಭಿಮಾನದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ವರ್ತಮಾನ ಕೆಟ್ಟಿದೆ, ಆದ್ದರಿಂದ ಪ್ರಾಚೀನ ವೈಭವವನ್ನು ಮರಳಿ ತರುತ್ತೇವೆ ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರಿಗೂ ಶಿಲ್ಪಗಳ ಮೇಲೆ ಪ್ರೀತಿ. ಆಗಸ್ಟಸ್‌ನ ಶಾಂತಿಪೀಠವನ್ನು, ಎಂದರೆ ಶಾಂತಿದೇವತೆಗೆ ಕಟ್ಟಿದ ಬಲಿವೇದಿಕೆಯನ್ನು, ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪಿಸಿದ್ದರು, ಕಾಲಕ್ರಮೇಣ ಅದು ರೋಮಿನ ಮಣ್ಣಿನಡಿ ಹೂತುಹೋಗಿತ್ತು. ಮುಸೊಲಿನಿಯ ಸರ್ಕಾರ ಅದರ ತುಂಡುಗಳನ್ನು ಹೊರತೆಗೆಸಿ, ಜೋಡಿಸಿ, ಹೊಸ ಮಂಟಪದಲ್ಲಿ 1938ರ ಸೆಪ್ಟೆಂಬರ್ 23ರಂದು, ಆಗಸ್ಟಸ್‌ನ ಹುಟ್ಟುಹಬ್ಬದ ದಿನ, ಉದ್ಘಾಟಿಸಿತು. ತಾಂತ್ರಿಕವಾಗಿ ಅದು ಅಸಾಧಾರಣ ಕೆಲಸ. ಹೂತ ತುಂಡುಗಳನ್ನು ನೀರು ಒಸರುವ ನೆಲದಿಂದ ಎತ್ತಲು ಸುತ್ತಲಿನ ಮಣ್ಣನ್ನೇ ಹೆಪ್ಪುಗಟ್ಟಿಸಿದ್ದರು. ಅದೇ ಸೆಪ್ಟೆಂಬರ್ ತಿಂಗಳ ಮೊದಲ ವಾರ ಅದೇ ಸರ್ಕಾರ ಯಹೂದಿ ಮಕ್ಕಳನ್ನೂ ಅಧ್ಯಾಪಕರನ್ನೂ ಶಾಲೆಗಳಿಂದ ಹೊರಹಾಕುವ ಆಜ್ಞೆ ಹೊರಡಿಸಿತ್ತು. ಅದೇ ವರ್ಷ ಹಿಟ್ಲರ್, ಮೈರನ್ ಎಂಬ ಗ್ರೀಕ್ ಶಿಲ್ಪಿಯ ಚಕ್ರ ಎಸೆಯುವವನ ಪ್ರತಿಮೆಯ ಒಂದು ರೋಮನ್ ನಕಲನ್ನು ಇಟಲಿಯಿಂದ ಕೊಂಡು ಮ್ಯೂನಿಕ್‌ನಲ್ಲಿ ಇಡಿಸಿದ. ಅದು ಇಟಲಿಗೆ ಮರಳಿದ್ದು 1948ರಲ್ಲಿ. ಆ ಪ್ರತಿಮೆಯ ಸೊಗಸು ಅವನ ಕಣ್ಣಿಗೂ ಕಂಡಿತ್ತು ಎಂಬುದೇ ನನಗೆ ಕಳವಳ ತರುವ ವಿಷಯ. ಕಲೆಯನ್ನು ಮೆಚ್ಚಬಲ್ಲವರು ಒಳ್ಳೆಯವರೇ ಆಗಿರುತ್ತಾರೆಂಬ ನಮ್ಮ ಮೌನ ನಂಬಿಕೆಗೆ ಅಲ್ಲಿ ಉತ್ತರವಿಲ್ಲ. ಆದರೆ ಅವರು ಮೆಚ್ಚಿದ ಪ್ರಾಚೀನತೆಗೂ ನಾನು ಇಷ್ಟು ಹೊತ್ತು ಹೇಳಿದ್ದಕ್ಕೂ ಒಂದು ವ್ಯತ್ಯಾಸವಿದೆ. ಅವರಿಗೆ ಬೇಕಾಗಿದ್ದದ್ದು ಮೊಳೆತೂತುಗಳಿಲ್ಲದ ಕಮಾನು, ಥುಸಿಡಿಡಿಸ್ ಇಲ್ಲದ ಅಥೆನ್ಸ್.

ಹಾಗಾದರೆ ಪ್ರಾಚೀನರೂ ನಮ್ಮಷ್ಟೇ ಕೆಟ್ಟವರಾಗಿದ್ದರು ಎಂದು ತಿಳಿದು ಸಮಾಧಾನಪಟ್ಟುಕೊಳ್ಳಬೇಕೇ ಎಂದು ನೀವು ಕೇಳಬಹುದು. ಅದು ಅಗ್ಗದ ಸಮಾಧಾನ, ನನಗೂ ಅದು ಬೇಡ. ನನ್ನ ಅಭಿಮಾನ ಈಗ ಎಲ್ಲಿ ನೆಲೆಸಿದೆಯೆಂದು ಹೇಳಲು ಆಕ್ರೊಪೊಲಿಸ್‌ನ ಇನ್ನೊಂದು ಕಟ್ಟಡಕ್ಕೆ ಕರೆದೊಯ್ಯುತ್ತೇನೆ. ಪಾರ್ಥೆನಾನ್‌ನ ಉತ್ತರಕ್ಕಿರುವ ಎರೆಕ್ಥಿಯಾನ್ ದೇಗುಲದ ಕೆಲಸ ನಡೆದದ್ದು ಸ್ಪಾರ್ಟಾದೊಡನೆ ಅಥೆನ್ಸ್ ಸೋಲುತ್ತಿದ್ದ ಯುದ್ಧದ ನಡುವೆ. ಸಿಸಿಲಿಗೆ ಹೋದ ನೌಕಾಪಡೆ ಮುಳುಗಿತ್ತು, ಕ್ರಿ.ಪೂ. 411ರಲ್ಲಿ ನಾಲ್ಕು ನೂರು ಮಂದಿ ಶ್ರೀಮಂತರ ಕೂಟವೊಂದು ಪ್ರಜಾಪ್ರಭುತ್ವವನ್ನು ಕೆಲವು ತಿಂಗಳ ಕಾಲ ಮಗುಚಿಹಾಕಿತ್ತು. ಕ್ರಿ.ಪೂ. 406ರಲ್ಲಿ, ದೇಗುಲ ಮುಗಿಯುತ್ತಿದ್ದ ಹೊತ್ತಿಗೆ, ಸಮುದ್ರಯುದ್ಧವೊಂದನ್ನು ಗೆದ್ದು ಬಂದ ಸೇನಾನಿಗಳಲ್ಲಿ ಆರು ಜನರನ್ನು, ಮುಳುಗಿದ ನಾವಿಕರನ್ನು ಕಾಪಾಡಲಿಲ್ಲವೆಂಬ ಆರೋಪದ ಮೇಲೆ, ಎಲ್ಲರನ್ನೂ ಸೇರಿಸಿ ಒಂದೇ ಮತದಲ್ಲಿ ಜನಸಭೆ ಮರಣದಂಡನೆಗೆ ಗುರಿಪಡಿಸಿತು. ಇದು ಕಾನೂನಿಗೆ ವಿರುದ್ಧವೆಂದವರಿಗೆ, ಜನ ಬಯಸಿದ್ದನ್ನು ಜನ ಮಾಡಬಾರದೇ ಎಂಬ ಕೂಗು ಎದುರಾಯಿತು. ಅಂದು ಸಭೆ ನಡೆಸುವ ಮಂಡಳಿಯಲ್ಲಿದ್ದ ಸಾಕ್ರೆಟಿಸ್ ಒಪ್ಪಲಿಲ್ಲ, ಅದರಿಂದ ಏನೂ ತಡೆಯಲಿಲ್ಲ. ಆಮೇಲೆ ಜನ ಪಶ್ಚಾತ್ತಾಪಪಟ್ಟರಂತೆ.

ಆ ವರ್ಷಗಳ ಕಟ್ಟಡದ ಲೆಕ್ಕಪತ್ರ ಕಲ್ಲಿನ ಮೇಲೆ ಕೊರೆದದ್ದು ಚೂರುಚೂರಾಗಿ ಉಳಿದಿದೆ. ಕಪ್ಪು ಕಲ್ಲಿನ ಹಿನ್ನೆಲೆಗೆ ಅಂಟಿಸುವ ಬಿಳಿಯ ಆಕೃತಿಗಳಿಗೆ ಒಂದೊಂದಕ್ಕೆ 60 ದ್ರಾಖ್ಮಾ, ಅಂದರೆ ಅಲ್ಲಿನ ನಾಣ್ಯ. ವಾಸ್ತುಶಿಲ್ಪಿಗೆ ದಿನಕ್ಕೆ ಒಂದು ದ್ರಾಖ್ಮಾ, ಮರಗೆಲಸದವನಿಗೂ ಒಂದು. ಪೂರ್ವದಿಕ್ಕಿನ ಆರು ಕಂಬಗಳ ಮೈಮೇಲೆ ಮೇಲಿಂದ ಕೆಳಕ್ಕೆ ನೀಳವಾದ ಗೀರುಗಾಲುವೆಗಳನ್ನು ಕೊರೆದವರ ಹೆಸರೂ ಅಲ್ಲಿದೆ. ಒಂದು ತಂಡದ ಮುಖ್ಯಸ್ಥ ಸಿಮಿಯಸ್, ಅಲೊಪೆಕಿ ಎಂಬಲ್ಲಿ ನೆಲೆಸಿದ್ದ ವಲಸಿಗ, ಮತದ ಹಕ್ಕಿಲ್ಲದವನು. ಅವನ ಜೊತೆ ಕೆಲಸ ಮಾಡಿದ ಸಿಂಡ್ರಾನ್, ಸಾನ್ನಿಯಾನ್, ಎಪಿಐಕಿಸ್, ಸೊಸಾಂಡ್ರಸ್ ಅವನ ಗುಲಾಮರು. ಲೆಕ್ಕದಲ್ಲಿ ಯಜಮಾನನಿಗೂ ಗುಲಾಮರಿಗೂ ಬರೆದ ಕೂಲಿ ಬಹುಪಾಲು ಒಂದೇ. ಗುಲಾಮರ ಪಾಲು ಸೇರುತ್ತಿದ್ದದ್ದು ಮಾತ್ರ ಸಿಮಿಯಸ್‌ನ ಗಂಟಿಗೆ. ಆ ಸೇನಾನಿಗಳ ಸಾವಿಗೆ ಮತ ಹಾಕುವ ಹಕ್ಕು ಇವರಲ್ಲಿ ಯಾರಿಗೂ ಇರಲಿಲ್ಲ. ಆರು ಕಂಬಗಳಲ್ಲಿ ಒಂದನ್ನು ಬ್ರಿಟಿಷ್ ರಾಯಭಾರಿ ಎಲ್ಗಿನ್ ಪ್ರಭು ಕಿತ್ತುಕೊಂಡು ಹೋದದ್ದರಿಂದ ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಆಳೆತ್ತರದಲ್ಲಿ ಅದರ ಗೀರುಗಳ ಏಣನ್ನು ಎಷ್ಟು ಹತ್ತಿರದಿಂದ ನೋಡಿದರೂ, ಯಾವ ಗೀರು ಯಜಮಾನನ ಉಳಿಯದು, ಯಾವುದು ಗುಲಾಮನದು ಎಂದು ಗೊತ್ತಾಗುವುದಿಲ್ಲ.